ದೀಪದ ನರಿ ಹಾರುವ ಹೊತ್ತು

“ಈಗ ಹಾರಿದವ್ರು ಯಾರು?”

ಕಾಶವ್ವ ಕೇಳಿದ್ದು ಯಾರನ್ನೂ ಅಲ್ಲ. ಪಡಸಾಲೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ಟಿವಿ, ಟಿವಿಯೊಳಗೆ ಬಾಯಲ್ಲಿ ಕಂದೀಲು ಕಚ್ಚಿಕೊಂಡು ನಿಂತ ಒಂದು ಪುಟ್ಟ ನರಿ. ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದ ಮಗಳು ನೀಲಾಂಬಿಕಾಳ ಕಿವಿಗೆ ಮಾತು ಬಿತ್ತು. ಎಪ್ಪತ್ತೆಂಟರ ತಾಯಿ ತನ್ನಷ್ಟಕ್ಕೆ ತಾನು ಮಾತಾಡುವುದು ಹೊಸದಲ್ಲ. ಆದರೆ ಈ ದನಿಯೇ ಬೇರೆ. ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಹುಡುಗರ ಗದ್ದಲದೊಳಗಿಂದ ಕಳ್ಳನನ್ನು ಎತ್ತಿ ಹಿಡಿಯುತ್ತಿದ್ದ ದನಿ ಅದು. ನೀಲಾಂಬಿಕಾ ಗ್ಯಾಸ್ ಆರಿಸಿ ಹೊರಗೆ ಬಂದಳು.

“ಏನಾತವ್ವಾ?”

“ನಾ ಒತ್ತಲಿಲ್ಲ. ನರಿ ಹಾರ್ತು.”

“ಒತ್ತಿರ್ತಿ. ಮರ್ತಿರ್ತಿ.”

“ಮರಿಯಾಕ ಇದೇನು ಗುಳಿಗೀನ? ಬಾ ಇಲ್ಲಿ, ಕೂಡು. ನನ್ನ ಹೆಬ್ಬಟ್ಟು ನೋಡು, ಟಿವಿ ನೋಡಬ್ಯಾಡ.”

ಕಾಶವ್ವ ಆಟದ ರಿಮೋಟು ಹಿಡಿದು ಎಡಗೈಯಿಂದ ನರಿಯನ್ನು ಮುಂದಕ್ಕೆ ನಡೆಸಿದಳು. ಬಲಗೈ ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ ಗಾಳಿಯಲ್ಲಿ ಹಿಡಿದಳು. ಬೆರಳು ಸಣ್ಣಗೆ ನಡುಗುತ್ತಿತ್ತು, ಆದರೆ ಗುಂಡಿಗೆ ತಾಕಲಿಲ್ಲ. ನರಿ ಹಲಗೆಯ ಅಂಚಿಗೆ ಬಂತು. ಹಾರಿತು. ಆಚೆಯ ಹಲಗೆಯ ಮೇಲೆ ಚೆಂದಾಗಿ ಇಳಿಯಿತು.

“ನೋಡಿದ್ಯಾ? ಇಷ್ಟು ದಿನ ನಾನ ಆಡಾಕತ್ತೀನಿ ಅಂತ ಹಿಗ್ಗಿದ್ದೆ. ಆಡಾಕತ್ತವ್ರು ಬ್ಯಾರೆ ಅದಾರ.” ಅವಳು ರಿಮೋಟನ್ನು ಮಂಚದ ಮೇಲಿಟ್ಟಳು. “ನಾ ಬರೇ ರಿಮೋಟು ಹಿಡ್ಕೊಂಡು ಕುಂತ ಗೊಂಬಿ.”

ಈ ನರಿಯ ಕತೆ ತುಸು ಹಿಂದಿನಿಂದ ಹೇಳಬೇಕು. ಕಾಶವ್ವನ ಗಂಡನಿಗೆ ಹಳೇ ಹುಬ್ಬಳ್ಳಿಯಲ್ಲಿ ಟಿವಿ ರಿಪೇರಿ ಅಂಗಡಿಯಿತ್ತು. ಕಾಯುತ್ತ ಕೂತ ಗಿರಾಕಿಗಳಿಗೆ ಬೇಸರವಾಗದಿರಲಿ ಎಂದು ತೊಂಬತ್ಮೂರನೇ ಇಸವಿಯಲ್ಲಿ ಅವನು ಮುಂಬಯಿಯಿಂದ ಒಂದು ಟಿವಿ ಗೇಮ್ ತಂದಿಟ್ಟ. ವರ್ಷ ಕಳೆಯುವುದರೊಳಗೆ ರಿಪೇರಿ ಹಿತ್ತಲಿಗೆ ಹೋಯಿತು, ಆಟ ಬಾಗಿಲಿಗೆ ಬಂತು: ಮೂರು ಟಿವಿ, ಮೂರು ಬೆಂಚು, ಉದ್ದಕ್ಕೂ ಹುಡುಗರ ಪಾಳಿ. ನಡೆಸುವವಳು ಕಾಶವ್ವ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸುವುದರಲ್ಲಿ ಅವಳ ಕೈಗುಣ ಊರಿಗೇ ಗೊತ್ತಿತ್ತು. ಬೆಳಗ್ಗೆ ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಗಿರಾಕಿ ಬರುವ ಮುಂಚೆ ಸಿಗುತ್ತಿದ್ದ ಅರ್ಧ ತಾಸು ಅವಳದು. ಆ ಅರ್ಧ ತಾಸಿನಲ್ಲಿ ಅವಳು ಆಡುತ್ತಿದ್ದದ್ದು ಒಂದೇ ಆಟ. ಕ್ಯಾಸೆಟ್ಟಿನ ಮೇಲಿನ ಜಪಾನಿ ಅಕ್ಷರ ಯಾರಿಗೂ ಓದಲು ಬಾರದೆ ಓಣಿಯೇ ಅದಕ್ಕೆ ಹೆಸರಿಟ್ಟಿತ್ತು, ದೀಪದ ನರಿ.

ನರಿ ಏಳು ಸೇತುವೆ ದಾಟಬೇಕು. ಪ್ರತಿ ಸೇತುವೆಯ ನಡುವೆ ಗಾಳಿ ಬೀಸಿ ಕಂದೀಲು ಆರುತ್ತದೆ, ಪರದೆ ಕಪ್ಪಾಗುತ್ತದೆ. ಆಮೇಲೆ ಕಣ್ಣಿಗೆ ಕೆಲಸವಿಲ್ಲ. ಹಿಂದೆ ನುಡಿಯುವ ರಾಗವೇ ದಾರಿ. ರಾಗದ ಇಂಥ ಸ್ವರಕ್ಕೆ ಹಲಗೆ ಕಾಲಕೆಳಗೆ ಬಂದಿರುತ್ತದೆ, ಇಂಥ ಸ್ವರಕ್ಕೆ ಇರುವುದಿಲ್ಲ. ಕೊನೆಯ ಸೇತುವೆಯಂತೂ ಹನ್ನೆರಡು ಹಲಗೆಯೂ ಪೂರ್ತಿ ಕತ್ತಲೆ. ಓಣಿಯ ಶೂರರೆಲ್ಲ ಮೂರನೇ ಸೇತುವೆಯಲ್ಲೇ ಹೊಳೆಗೆ ಬಿದ್ದವರು. ಕಾಶವ್ವ ಒಬ್ಬಳೇ ಏಳನೆಯದರ ಒಂಬತ್ತನೇ ಹಲಗೆಯ ತನಕ ಹೋಗಿದ್ದಳು. ಅಷ್ಟರಲ್ಲಿ ಅಂಗಡಿ ಮುಚ್ಚಿತು, ಯಂತ್ರ ಯಾರದೋ ಪಾಲಾಯಿತು. ಆಚೆ ದಂಡೆಯಲ್ಲಿ ಏನಿದೆ ಎಂಬುದನ್ನು ಅವಳು ನೋಡಲಿಲ್ಲ.

ನಲವತ್ತು ಚಿಲ್ಲರೆ ವರ್ಷಗಳ ಮೇಲೆ ಆ ನರಿ ಮತ್ತೆ ಮನೆಗೆ ಬಂತು. ಅದನ್ನು ತಂದದ್ದು ‘ಮರುಜೀವ’ ಎಂಬ ಸೇವೆ. ತಿಂಗಳ ಚಂದಾ ಕಟ್ಟಿದರಾಯಿತು. ಮನೆಯಲ್ಲಿ ಯಂತ್ರ ಬೇಡ, ಕ್ಯಾಸೆಟ್ಟು ಬೇಡ, ಊದುವುದೂ ಬೇಡ. ಆಟ ನಡೆಯುವುದು ಎಲ್ಲೋ ಸಮುದ್ರದಾಚೆಯ ಕಂಪ್ಯೂಟರಿನಲ್ಲಿ, ಚಿತ್ರ ಮಾತ್ರ ತಂತಿ ಹಿಡಿದು ಟಿವಿಗೆ ಬರುತ್ತದೆ. ಸತ್ತ ಕಂಪನಿಗಳ, ಮರೆತ ಯಂತ್ರಗಳ, ತುಕ್ಕು ಹಿಡಿದ ಕ್ಯಾಸೆಟ್ಟುಗಳ ಹನ್ನೊಂದು ಸಾವಿರ ಆಟಗಳನ್ನು ಒಂದೊಂದಾಗಿ ಎಬ್ಬಿಸಿ ಕೂರಿಸಿದ್ದರು. ಕೈನಡುಕ ಬಂದ ಮೇಲೆ ಚಹಾದ ಬಟ್ಟಲನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದ ಕಾಶವ್ವ, ಹನ್ನೊಂದು ವಾರಗಳಿಂದ ದಿನಾ ಹತ್ತೂವರೆಯ ಗುಳಿಗೆ ನುಂಗಿ, ಅದು ಕೈಗೆ ಇಳಿಯುವ ತನಕ ಕಾದು, ರಿಮೋಟು ಹಿಡಿಯುತ್ತಿದ್ದಳು. ಗುಳಿಗೆಯ ಬಲ ಹೋದ ವರ್ಷ ಎರಡು ತಾಸು ಇರುತ್ತಿತ್ತು. ಈಗ ಐವತ್ತು ನಿಮಿಷ. ಮುಂದಿನ ವರ್ಷದ ಮಾತನ್ನು ಡಾಕ್ಟರು ಆಡಲಿಲ್ಲ.

“ಆ ದಂಡ್ಯಾಗ ಏನೈತಿ ಅಂತ ಒಮ್ಮೆ ನೋಡಿದ್ರ ಸಾಕು,” ಎನ್ನುತ್ತಿದ್ದಳು ಕಾಶವ್ವ. ಆ ಐವತ್ತು ನಿಮಿಷದಲ್ಲಿ ಏಳನೇ ಸೇತುವೆ ಇನ್ನೂ ಸಿಕ್ಕಿರಲಿಲ್ಲ.

ಈಗ ರಿಮೋಟು ಮಂಚದ ಮೇಲೆ ಬಿದ್ದಿತ್ತು. ಮರುದಿನ ಗುಳಿಗೆ ನುಂಗಿದ ಮೇಲೂ ಅವಳು ಅದನ್ನು ಮುಟ್ಟಲಿಲ್ಲ.

*

ಹಾರಿದವರು ಯಾರೆಂಬುದು ನೀಲಾಂಬಿಕಾಳಿಗೆ ಗೊತ್ತಿತ್ತು. ಅವಳು ಕೆಲಸ ಮಾಡುತ್ತಿದ್ದದ್ದು ಅಲ್ಲಿಯೇ, ಗೋಕುಲ ರಸ್ತೆಯ ಮರುಜೀವ ಕಚೇರಿಯ ತಾಳೆ ವಿಭಾಗದಲ್ಲಿ. ಮೇಜಿನ ಒಂದು ಬದಿಗೆ ಆಟದ ಮೂಲ ಯಂತ್ರ, ಇನ್ನೊಂದು ಬದಿಗೆ ಹೊಸ ರೂಪ. ಎರಡನ್ನೂ ಒಟ್ಟಿಗೆ ನಡೆಸಿ, ನೋಡಿ, ಕೇಳಿ, ಕೂದಲೆಳೆಯ ವ್ಯತ್ಯಾಸವೂ ಇಲ್ಲವೆಂದರೆ ಸಹಿ ಹಾಕಬೇಕು. ಆ ಮೂಲ ಯಂತ್ರಕ್ಕೆ ‘ಸಾಕ್ಷಿ’ ಎಂದು ಹೆಸರು. ಸಾಕ್ಷಿಯಿಲ್ಲದೆ ಯಾವ ಆಟವೂ ಹೊರಗೆ ಹೋಗುವಂತಿಲ್ಲ.

ಹಾರಿದ್ದು ‘ಮುಂಗೈ’ ಎಂಬ ತಂತ್ರಾಂಶ. ಅದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಪಕ್ಕದ ಕೋಣೆಯ ರಿಜ್ವಾನ್ ಕಿತ್ತೂರ. ಸಮುದ್ರದಾಚೆಗೆ ಹೋಗಿ ಬರಲು ಬೆರಳಿನ ಒತ್ತಿಗೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ಬೇಕು. ಹಳೆಯ ಆಟಗಳಲ್ಲಿ ಅಷ್ಟು ಹೊತ್ತೇ ಜೀವ ಮರಣದ ಅಂತರ. ಅದಕ್ಕೆ ಮುಂಗೈ ಆಡುವವನ ಕೈಯನ್ನು ಕಲಿಯುತ್ತದೆ. ಅವನು ಇನ್ನೇನು ಒತ್ತುತ್ತಾನೆ ಎನ್ನುವಾಗ ತಾನೇ ಮುಂದಾಗಿ ಒತ್ತಿರುತ್ತದೆ. ಅವನ ಒತ್ತು ಬಂದು ಮುಟ್ಟುವಷ್ಟರಲ್ಲಿ ಕೆಲಸ ಆಗಿರುತ್ತದೆ, ತಾನೇ ಮಾಡಿದೆ ಎಂದು ಅವನಿಗೆ ಅನಿಸುತ್ತದೆ. ಕೈ ಸ್ಪಷ್ಟವಿಲ್ಲದಿದ್ದರೆ, ನಡುಗುತ್ತಿದ್ದರೆ, ಲೋಕದ ಲಕ್ಷಾಂತರ ಆಟಗಾರರ ಸರಾಸರಿಯನ್ನು ನೆಚ್ಚಿಕೊಳ್ಳುತ್ತದೆ. ನಿಜಕ್ಕೂ ಬೆರಗಿನ ವಸ್ತು ಅದು. ಎರಡು ಬೆರಳಿನವರು, ಸೊಟ್ಟ ಕೈಯವರು, ಹಾಸಿಗೆ ಹಿಡಿದವರು, ಎಷ್ಟೋ ಜನ ಅದರ ಬಲದಿಂದ ಮತ್ತೆ ಆಡುತ್ತಿದ್ದರು.

ತಾಯಿಯ ಒಪ್ಪಿಗೆ ಪಡೆದು ನೀಲಾಂಬಿಕಾ ಹನ್ನೊಂದು ವಾರದ ದಾಖಲೆಯನ್ನು ಅವನ ಮುಂದಿಟ್ಟಳು. ಕತ್ತಲೆಯಲ್ಲಿನ ಜಿಗಿತ ನಾನೂರ ಹನ್ನೆರಡು. ಅವುಗಳಲ್ಲಿ ನಾನೂರ ಒಂಬತ್ತನ್ನು ಮುಂಗೈ ಜಿಗಿದಿತ್ತು. ಕಾಶವ್ವನ ಒತ್ತು ಪ್ರತಿ ಸಲವೂ ಹಿಂದೆ ಬಿದ್ದಿತ್ತು.

“ವಯಸ್ಸು ಅಕ್ಕಾರ,” ಎಂದ ರಿಜ್ವಾನ್, ಮೆತ್ತಗೆ. “ನಮ್ಮ ಮುಂಗೈ ಕೈ ಹಿಡಿದು ದಾಟಸೇತಿ. ಇದರಾಗ ತಪ್ಪೇನೈತಿ?”

“ನಡುಗೋ ಕೈ ಒಮ್ಮೆ ಮುಂದ ಬೀಳಬೇಕು, ಒಮ್ಮೆ ಹಿಂದ ಬೀಳಬೇಕು. ಇದು ಮುಂದ ಬಿದ್ದೇ ಇಲ್ಲಲ್ಲ?”

ರಿಜ್ವಾನ್ ದಾಖಲೆ ತೆರೆದ. ಪ್ರತಿ ಹಲಗೆಯ ಮೇಲೆ ಗುಂಡಿ ಒತ್ತುವ ಮುಂಚೆ ಕಾಶವ್ವ ಎಷ್ಟು ಹೊತ್ತು ಕಾದಿದ್ದಳೋ ಅದನ್ನು ಬೇರೆ ಬೇರೆ ಮಾಡಿ ಪರದೆಯ ಮೇಲೆ ಚುಕ್ಕಿ ಇಡತೊಡಗಿದ. ನಡುಕದಿಂದಾಗಿ ಚುಕ್ಕಿಗಳು ಚೆಲ್ಲಾಪಿಲ್ಲಿ ಕಂಡವು. ಆದರೆ ನಾನೂರು ಚುಕ್ಕಿ ಬಿದ್ದ ಮೇಲೆ, ರವೆ ಜರಡಿಯಲ್ಲಿ ಗುಪ್ಪೆಯಾಗುವ ಹಾಗೆ, ಅಲ್ಲಲ್ಲಿ ಗುಂಪುಗೂಡಿದವು. ಲೋಕದ ಆಟಗಾರರು ಸೆಕೆಂಡಿನ ನೂರರಲ್ಲಿ ಐವತ್ತು ಪಾಲು ಕಾದಲ್ಲಿ ಕಾಶವ್ವ ಅರವತ್ತು ಕಾದಿದ್ದಳು. ಅವರು ಎಪ್ಪತ್ತೈದು ಕಾದಲ್ಲಿ ಅವಳು ತೊಂಬತ್ತು. ಅವರು ನೂರು ಕಾದಲ್ಲಿ ಅವಳು ನೂರಿಪ್ಪತ್ತು.

“ಐದಕ್ಕ ಆರು,” ಎಂದಳು ನೀಲಾಂಬಿಕಾ. “ಎಲ್ಲಾ ಕಡೆ ಐದಕ್ಕ ಆರು.”

ರಿಜ್ವಾನ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. “ತಡೀರಿ. ಅರವತ್ತು ಮತ್ತ ಐವತ್ತು! ನಮ್ಮ ಟಿವಿ, ಅಕ್ಕಾರ, ನಮ್ಮ ಟಿವಿ!”

ಜಪಾನಿನ ಹಳೆಯ ಟಿವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆಯುತ್ತಿತ್ತು, ನಮ್ಮದು ಐವತ್ತು ಸಲ. ಆ ಕಾಲದ ಆಟಕ್ಕೆ ಬೇರೆ ಗಡಿಯಾರವಿಲ್ಲ. ಚಿತ್ರ ಎಣಿಸಿಯೇ ಅದು ಹೊತ್ತು ತಿಳಿಯುತ್ತಿತ್ತು. ಮುಂಬಯಿಯಲ್ಲಿ ಸಿಗುತ್ತಿದ್ದ ನಕಲು ಯಂತ್ರಗಳು ನಮ್ಮ ಟಿವಿಗೆ ತಕ್ಕ ಹಾಗೆ ಐವತ್ತು ಬರೆಯುತ್ತಿದ್ದವು. ಹಾಗಾಗಿ ಹಳೇ ಹುಬ್ಬಳ್ಳಿಯಲ್ಲಿ ನರಿ ನಿಧಾನ ನಡೆಯಿತು, ಗಾಳಿ ನಿಧಾನ ಬೀಸಿತು, ರಾಗ ನಿಧಾನ ನುಡಿಯಿತು. ಕಾಶವ್ವ ಕಲಿತದ್ದು ಆ ರಾಗ.

“ಆದ್ರ ಕ್ಯಾಟಲಾಗಿನಾಗ ಈ ಆಟ ಐವತ್ತರ ದೇಶಕ್ಕ ಬಂದೇ ಇಲ್ಲ ಅಂತೈತಿ. ಕಂಪನಿ ಕಳಿಸೇ ಇಲ್ಲ.”

“ಕಂಪನಿ ಕಳಿಸಲಿಲ್ಲ ರಿಜ್ವಾನ್. ಆಟ ಬಂತು.”

ಅವಳು ಹೇಳಬೇಕಾದ ಇನ್ನೊಂದು ಮಾತಿತ್ತು. ಮೂರು ತಿಂಗಳ ಹಿಂದೆ ದೀಪದ ನರಿಗೆ ಸಹಿ ಹಾಕಿದವಳು ಅವಳೇ. ಜಪಾನಿನಿಂದ ಬಂದ ಸಾಕ್ಷಿ ಯಂತ್ರದಲ್ಲಿ ಆ ರಾಗ ಕೇಳಿದಾಗ, ಇದು ಓಡುತ್ತಿದೆಯಲ್ಲ ಎಂದು ಎದೆಗೆ ಅನಿಸಿತ್ತು. ಆದರೆ ಅವಳು ಬೆಳೆದ ರೀತಿ ಬೇರೆ. ಓಣಿಯ ಮಠದಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಿದ್ದರು. ತಿಂಗಳುದ್ದಕ್ಕೂ ಕಂಬಕ್ಕೆ ಒರಗಿ ಕೂತು ಷಟ್ಪದಿ ಕೇಳಿದ ಕಿವಿ ಅದು. ಓದುವವರು ಎಲ್ಲಿಯಾದರೂ ತಪ್ಪಿದಂತೆ ಕಂಡರೆ ಕೇಳುವವರು ತುಟಿ ಬಿಚ್ಚುತ್ತಿರಲಿಲ್ಲ. ಗ್ರಂಥ ತಪ್ಪುವುದಿಲ್ಲ, ತಪ್ಪಿದ್ದು ನಮ್ಮ ಕಿವಿ ಎಂದು ಕಣ್ಣು ಮುಚ್ಚಿ ಮತ್ತೆ ಮನಸ್ಸು ನಿಲ್ಲಿಸುತ್ತಿದ್ದರು. ಮೂಲವೇ ಎದುರಿಗೆ ಕೂತು ನುಡಿಯುವಾಗ ತನ್ನ ಬಾಲ್ಯದ ನೆನಪೇ ಮಂದವಾಗಿರಬೇಕು ಎಂದುಕೊಂಡು ಅವಳು ಸಹಿ ಹಾಕಿದ್ದಳು. ಭಕ್ತಿಯಿಂದ ಹಾಕಿದ ತಪ್ಪು ಸಹಿ.

ಕೊನೆಗೆ ಅದನ್ನೂ ಹೇಳಿದಳು. ರಿಜ್ವಾನ್ ನಗಲಿಲ್ಲ. “ನಾನೂ ಸರಾಸರೀನ ದೊಡ್ಡದು ಅಂತ ನಂಬಿದ್ದೆ ಬಿಡ್ರಿ,” ಎಂದ.

*

ಮನೆಯಲ್ಲಿ ಕಾಶವ್ವ ಕಿಟಕಿಯ ಪಕ್ಕ ಕೂತು ಹುಣಸೆ ಬೀಜ ಬಿಡಿಸುವ ನೆಪದಲ್ಲಿ ಅರ್ಧವನ್ನು ನೆಲಕ್ಕೆ ಉದುರಿಸುತ್ತಿದ್ದಳು. ನೀಲಾಂಬಿಕಾ ಏನೂ ವಿವರಿಸದೆ ಫೋನಿನಲ್ಲಿ ಸೇತುವೆಯ ರಾಗ ಹಚ್ಚಿದಳು. ಮೊದಲು ಈಗ ಲೋಕವೆಲ್ಲ ಕೇಳುವ ವೇಗ.

“ಇದರ ಬೆನ್ನಿಗೆ ಯಾರೋ ನಾಯಿ ಬಿಟ್ಟಾರ.”

ಆಮೇಲೆ ಬೇಕೆಂದೇ ತೀರ ನಿಧಾನದ್ದು.

“ಇದು ಜಡ್ಡು ಬಿದ್ದೈತಿ. ಗಂಜಿ ಕುಡಸು.”

ಮೂರನೆಯದು ಐವತ್ತರದು. ಹುಣಸೆಯ ಬುಟ್ಟಿಯ ಅಂಚಿನ ಮೇಲೆ ಕಾಶವ್ವನ ಬಲಗೈ ಹೆಬ್ಬೆರಳು ತಾನಾಗಿ ಎದ್ದು ಬೀಳತೊಡಗಿತು: ಒಂದು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ಗುಳಿಗೆಯ ಹೊತ್ತಲ್ಲ ಅದು. ಕೈ ನಡುಗುತ್ತಲೇ ಇತ್ತು. ಆದರೂ ನಡುಕದ ಒಳಗೆ, ಹೊಟ್ಟಿನ ಒಳಗೆ ಕಾಳಿದ್ದ ಹಾಗೆ, ಲಯ ಗಟ್ಟಿಯಾಗಿತ್ತು. ನೀಲಾಂಬಿಕಾ ಎಣಿಸಿದಳು. ಹನ್ನೆರಡು ಬಡಿತ. ಹನ್ನೆರಡನೆಯದಕ್ಕೆ ಬೆರಳು ನಿಂತಿತು.

“ಹನ್ನೆರಡರ ತನಕ ನೀ ಹೋಗೇ ಇಲ್ಲಲ್ಲವ್ವಾ. ಒಂಬತ್ತಕ್ಕ ಬಿದ್ದಿದ್ದಿ.”

“ಬಿದ್ದ ಮ್ಯಾಲೆ ರಾಗ ನಿಂತಿರತೈತೇನು? ಉಳಿದಿದ್ದು ಕೇಳೇ ಮುಂದಿನ ಸಲ ರಿಮೋಟು ಹಿಡೀತಿದ್ದೆ.”

*

ಮುಂದಿನ ಎರಡು ವಾರ ಕಚೇರಿಯಲ್ಲಿ ಹುಡುಕಾಟ. ಐವತ್ತರ ರೂಪಕ್ಕೆ ಅನುಮತಿ ಬೇಕಾದರೆ ಸಾಕ್ಷಿ ಬೇಕು, ಸಾಕ್ಷಿಗೆ ಜೀವಂತ ನಕಲು ಯಂತ್ರ ಬೇಕು. ಅಗ್ಗದ ಮಾಲು, ಅದನ್ನು ಯಾರು ಜೋಪಾನ ಮಾಡಿರುತ್ತಾರೆ? ಗುಜರಿಗಳಲ್ಲಿ ಮೂರು ಸಿಕ್ಕವು, ಮೂರೂ ಒಳಗೆ ಸೋರಿ, ಹಸಿರುಗಟ್ಟಿ ಸತ್ತಿದ್ದವು. ಆದರೆ ಹುಡುಕುವಾಗ ಇನ್ನೊಂದು ಸಿಕ್ಕಿತು. ಗ್ರಾಹಕರ ದೂರುಗಳಲ್ಲಿ ‘ವಯಸ್ಸಿನವು’ ಎಂದು ಪಕ್ಕಕ್ಕಿಟ್ಟ ಒಂದು ಕಡತ. ದಾವಣಗೆರೆಯ ಒಬ್ಬ ಮೇಷ್ಟ್ರು, ಕರಾಚಿಯ ಒಬ್ಬ ದರ್ಜಿ, ರಷ್ಯದ ಯಾವುದೋ ಊರಿನ ನರ್ಸು, ಒಟ್ಟು ಮುನ್ನೂರ ಚಿಲ್ಲರೆ ಜನ ತಂತಮ್ಮ ಭಾಷೆಯಲ್ಲಿ ಒಂದೇ ಮಾತು ಬರೆದಿದ್ದರು: ಇದು ನಮ್ಮ ಆಟದ ಹಾಗಿದೆ, ಆದರೆ ನಮ್ಮನ್ನು ಬಿಟ್ಟು ಓಡುತ್ತಿದೆ. ಎಲ್ಲರಿಗೂ ಹೋದ ಉತ್ತರವೂ ಒಂದೇ, ಮುಂಗೈ ಬಳಸಿ ಎಂದು. ಅದಕ್ಕೆ ಸಹಿ ರಿಜ್ವಾನನದು.

ಅವನು ಆ ಕಡತವನ್ನು ಎರಡು ದಿನ ಮನೆಗೆ ಒಯ್ದು ಓದಿದ. ಮೂರನೇ ದಿನ ತಾಳೆ ಸಮಿತಿಯ ಮುಂದೆ ನಿಂತ. ನೀಲಾಂಬಿಕಾ ತನ್ನ ಹಳೆಯ ಸಹಿಯನ್ನು ವಾಪಸು ಪಡೆಯುವ ಪತ್ರ ಕೊಟ್ಟಳು. ಸಮಿತಿಯ ಹಿರಿಯರು ಕೇಳಿದ್ದು ಸರಿಯಾಗಿಯೇ ಇತ್ತು: “ನಡುಗುವ ಕೈಯನ್ನು ಗಡಿಯಾರ ಎಂದು ನಂಬುವುದು ಹೇಗೆ?”

“ಒಂದು ಜಿಗಿತ ನಂಬಬ್ಯಾಡ್ರಿ,” ಎಂದ ರಿಜ್ವಾನ್. “ನಾನೂರ ಹನ್ನೆರಡು ನಂಬ್ರಿ. ನಡುಕಕ್ಕ ದಿಕ್ಕಿಲ್ಲ, ಅತ್ತಾಗೂ ಇತ್ತಾಗೂ ತೂಗಿ ತಾನ ಕಳದು ಹೋಗತೈತಿ. ಕಳದ ಮ್ಯಾಲೆ ಉಳಿಯೂದು ಆಟದ ಕಾಲ. ಯಂತ್ರದ ಒಳಗಿನ ಬಿಡಿಭಾಗ ಮೂವತ್ತು ವರ್ಷಕ್ಕ ಸತ್ವ ಕಳಕೋತಾವ. ಈ ತಾಯಿ ನಲವತ್ತು ವರ್ಷದ ಮ್ಯಾಲೂ ನೂರಕ್ಕ ಒಂದು ಪಾಲು ತಪ್ಪಿಲ್ಲ. ಇದಕ್ಕಿಂತ ಚಲೋ ಸಾಕ್ಷಿ ನಮ್ಮ ಕಪಾಟಿನಾಗ ಯಾವುದೈತಿ ತೋರಸ್ರಿ.”

ಸಂಜೆಯೊಳಗೆ ಒಪ್ಪಿಗೆಯ ಹಾಳೆ ಬಂತು. ಸಾಕ್ಷಿ ಯಂತ್ರದ ಸಂಖ್ಯೆ ಬರೆಯುವ ಕಡೆ, ಆ ಕಚೇರಿಯ ಇತಿಹಾಸದಲ್ಲಿ ಮೊದಲ ಸಲ, ಹೀಗಿತ್ತು: ಕಾಶವ್ವ, ಹಳೇ ಹುಬ್ಬಳ್ಳಿ, ಬಲಗೈ ಹೆಬ್ಬೆರಳು, ೪೧೨ ಜಿಗಿತ. ನೀಲಾಂಬಿಕಾ ಅದರ ಕೆಳಗೆ ಸಹಿ ಹಾಕಿದಳು. ಈ ಸಲ ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು ಹಾಕಿದಳು.

*

ಭಾನುವಾರ ರಿಜ್ವಾನ್ ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದ. ಐವತ್ತರ ರೂಪವನ್ನು ಮೊದಲ ಸಲ ಹಚ್ಚುವ ದಿನ. ಈ ಸಲ ಆಟ ಸಮುದ್ರ ದಾಟಿ ಬರುತ್ತಿರಲಿಲ್ಲ. ಗೋಕುಲ ರಸ್ತೆಯ ಕಂಪ್ಯೂಟರಿನಿಂದಲೇ ಬರುತ್ತಿತ್ತು. ಹತ್ತಿರದ ದಾರಿ, ತಡವಿಲ್ಲ. ಮುಂಗೈಯನ್ನು ಬಂದ್ ಮಾಡಿಟ್ಟಿದ್ದರು.

“ನೀವೇನು ನನ್ನ ನರೀನ ಹಾರಸ್ತಿದ್ದವ್ರು?” ಕಾಶವ್ವ ಕನ್ನಡಕದ ಮೇಲಿನಿಂದ ನೋಡಿದಳು.

“ನಾನ ಅಮ್ಮಾರ. ತಪ್ಪಾತು.”

“ಚಲೋ ಹಾರಸ್ತೀರಿ. ಕೈ ಸುದ್ದ ಐತಿ. ಆದ್ರ ಮಂದಿ ಪಾಳಿಯೊಳಗ ಕೈ ಹಾಕಬಾರದು. ಕೂಡ್ರಿ, ಚಹಾ ಕುಡೀರಿ.”

ಹತ್ತೂವರೆಗೆ ಗುಳಿಗೆ. ಹನ್ನೊಂದಕ್ಕೆ ಕೈ ನಿಂತಿತು. ನರಿ ಹೊರಟಿತು. ಮೊದಲ ಸೇತುವೆಯಲ್ಲಿ ಗಾಳಿ ಬೀಸಿ ಪರದೆ ಕಪ್ಪಾದಾಗ ನೀಲಾಂಬಿಕಾ ಉಸಿರು ಹಿಡಿದಳು, ಕಾಶವ್ವ ಹಿಡಿಯಲಿಲ್ಲ. ರಾಗದ ಜೊತೆ ತುಟಿಯೊಳಗೇ ಗುನುಗುತ್ತ, ಹಲಗೆಯಿಂದ ಹಲಗೆಗೆ, ಮಾತ್ರೆ ತಪ್ಪದೆ ದಾಟಿದಳು. ಎರಡನೆಯದು. ಮೂರನೆಯದು. ನಾಲ್ಕರಲ್ಲಿ ಒಮ್ಮೆ ಬಿದ್ದಳು. “ನಂದ ತಪ್ಪು!” ಎಂದಳು. ಆ ಮಾತಿನಲ್ಲಿ ಎಂಥ ಸಂತೋಷವಿತ್ತೆಂದರೆ, ಮುಂಗೈ ಗೆಲ್ಲಿಸಿದ ನಾನೂರು ಸಲದಲ್ಲಿ ಒಮ್ಮೆಯೂ ಅವಳು ಹಾಗೆ ಮೊಗ ಅರಳಿಸಿದ್ದನ್ನು ಮಗಳು ಕಂಡಿರಲಿಲ್ಲ. ರಿಜ್ವಾನ್ ಚಹಾ ಆರಿಸಿಕೊಳ್ಳುವುದನ್ನೂ ಮರೆತು ಅವಳ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. ಯಂತ್ರ ಕಟ್ಟುವವನು ಯಂತ್ರವನ್ನು ನೋಡುವ ರೀತಿ ಅಲ್ಲ ಅದು.

ಏಳನೇ ಸೇತುವೆಗೆ ಬಂದಾಗ ಹನ್ನೊಂದು ಮುಕ್ಕಾಲು. ಕತ್ತಲೆ. ಒಂದು, ಎರಡು, ಮೂರು. ಆರನೆಯದಕ್ಕೆ ಬೆರಳು ತುಸು ತಡವರಿಸಿತು, ಆದರೂ ನರಿ ಅಂಚು ಹಿಡಿಯಿತು. ಎಂಟು. ಒಂಬತ್ತು. ಒಂಬತ್ತರ ಮೇಲೆ ನಿಂತವಳೇ ಕಾಶವ್ವ ರಿಮೋಟಿನ ನಡುಗುಂಡಿ ಒತ್ತಿ ಆಟವನ್ನು ತಡೆದಳು. ರಾಗ ನಿಂತಿತು. ಅವಳ ಬಲಗೈ ಮೊಣಕೈಯಿಂದಲೇ ಅದುರತೊಡಗಿತ್ತು. ಐವತ್ತು ನಿಮಿಷ ಮುಗಿದಿತ್ತು.

ಕೈಯನ್ನು ಎಡಗೈಯಿಂದ ಒತ್ತಿ ಹಿಡಿದಳು. ತೊಡೆಯ ಕೆಳಗೆ ಇಟ್ಟು ಕೂತಳು. ನಡುಕ ಕೇಳಲಿಲ್ಲ. ಮುಂದಿನ ಗುಳಿಗೆ ಮೂರು ಗಂಟೆಗೆ. ಅಲ್ಲಿಯ ತನಕ ತಡೆದು ನಿಲ್ಲಿಸಿಟ್ಟರೆ ರಾಗದ ಎಳೆ ಕೈಬಿಟ್ಟು ಹೋಗುತ್ತದೆ. ಮೊದಲಿನಿಂದ ಬರಬೇಕೆಂದರೆ ಇಂಥ ಐವತ್ತು ನಿಮಿಷ ಮತ್ತೆ ಸಿಗುತ್ತದೋ ಇಲ್ಲವೋ.

ನೀಲಾಂಬಿಕಾ ತಾಯಿಯ ಮುಂದೆ ಮೊಣಕಾಲೂರಿ ಕೂತಳು. ಫೋನು ಕೈಯಲ್ಲಿತ್ತು. ಒಮ್ಮೆ ಮುಟ್ಟಿದರೆ ಸಾಕಿತ್ತು.

“ಯವ್ವಾ, ಮೂರ ಹಲಗಿ ಉಳದಾವ. ಮುಂಗೈ ಹಚ್ಚತೀನಿ. ಈಗ ಅದರಾಗ ಊರ ಮಂದಿ ಕೈ ಇಲ್ಲ. ರಿಜ್ವಾನ್ ನಿನ್ನ ಜಿಗಿತದಿಂದನ ಹೊಸದಾಗಿ ಕಲಿಸ್ಯಾರ. ನಿನ್ನ ಕಾಲ, ನಿನ್ನ ಬೆರಳು. ನಡುಕ ಒಂದಿಲ್ಲ, ಅಷ್ಟ. ಅದು ನಿನ್ನ ಕೈನ. ಮೂರ ಹಲಗಿಗೆ ಅಷ್ಟ, ಹೂಂ ಅನ್ನು.”

ರಿಜ್ವಾನ್ ತಲೆ ತಗ್ಗಿಸಿದ. ಕಾಶವ್ವ ನಡುಗುವ ಕೈಯನ್ನು ಎತ್ತಿ ನೋಡಿಕೊಂಡಳು. ರಿಮೋಟು ಎತ್ತಿಕೊಂಡಳು. ಅದು ಬಳೆಗೆ ತಾಕಿ ಕಟಕಟ ಸದ್ದಾಯಿತು. ಕಣ್ಣು ಮುಚ್ಚಿ ಒಂದು ಸಾಲು ಗುನುಗಿ, ಎಲ್ಲಿಗೆ ನಿಂತಿತ್ತೋ ಅಲ್ಲಿಗೆ ಬಂದು, ನಡುಗುಂಡಿಯ ಮೇಲೆ ಬೆರಳಿಟ್ಟಳು.

“ಬ್ಯಾಡ,” ಎಂದಳು. “ಅತ್ತಾಗ ಸರಿ, ಟಿವಿಗೆ ಅಡ್ಡ ಕುಂತಿ.”